ಸರ್ಪಂಚರ ಕುರ್ಚಿಗೆ ಐದು ವರ್ಷ ರಜೆ

ಆಂಧ್ರದ ಗಡಿಯ ಹಿಂದೂಪುರದ ಹುಣಸೆಹಣ್ಣಿನ ಮಂಡಿಯಲ್ಲಿ ತೂಕದ ಗುಮಾಸ್ತನಾಗಿದ್ದ ಭಾನುಪ್ರಕಾಶನಿಗೆ ಸರ್ಪಂಚ್ ಪದವಿ ಬಂದದ್ದು ಫೋನಿನಲ್ಲಿ. ಬಂದದ್ದು ಅವನಿಗಲ್ಲ, ಅವನ ಹೆಂಡತಿ ಬನಶಂಕರಿಗೆ ಎಂಬುದೂ ಅದೇ ಫೋನಿನಲ್ಲಿ ಸ್ಪಷ್ಟವಾಗಿತ್ತು. ಆದರೆ ಅಂಥ ಸಣ್ಣಪುಟ್ಟ ವಿಷಯಗಳನ್ನು ಮನಸ್ಸಿಗೆ ಹಚ್ಚಿಕೊಳ್ಳುವ ಜಾಯಮಾನ ಅವನದಲ್ಲ.

ಫೋನು ಮಾಡಿದ್ದು ಅವನ ಹುಟ್ಟೂರಿನ ಹಿರಿಯ ಪೆದ್ದಣ್ಣ. ಊರು ಚೌಡನಹಟ್ಟಿ, ಕಲ್ಯಾಣದುರ್ಗದಲ್ಲಿ ಬಸ್ಸಿಳಿದು ಆಟೋ ಹತ್ತಬೇಕು. ಅಲ್ಲಿ ಮೇಲ್ಕೇರಿ, ಕೆಳಕೇರಿ ಅಂತ ಎರಡು ಕೇರಿಗಳು. ಒಂದು ಕೇರಿಯವರು ಬೆಳಗಾಯಿತು ಅಂದರೆ ಇನ್ನೊಂದು ಕೇರಿಯವರು ಇನ್ನೂ ಆಗಿಲ್ಲ ಅನ್ನುತ್ತಾರೆ.

“ಲೋ ಭಾನು, ಈ ಸಲ ಸರ್ಪಂಚ್ ಸೀಟು ಹೆಂಗಸ್ರಿಗೆ ಬಂದದೆ ಕಣ್ಲಾ. ಮೇಲ್ಕೇರಿಯೋರು ನಮ್ಮೋಳೇ ಆಗ್ಬೇಕು ಅಂತಾರೆ, ಕೆಳಕೇರಿಯೋರು ನಮ್ಮೋಳೇ ಅಂತಾರೆ. ತಲೆ ಚಿಟ್ಟು ಹಿಡಿದೋಯ್ತು. ಅದಕ್ಕೆ ಗುಡಿ ಮುಂದೆ ಕೂತು ತೀರ್ಮಾನ ಮಾಡ್ಬುಟ್ವಿ. ದೂರದಾಗಿದ್ದು ಯಾರ ಕಡೆಗೂ ಸೇರದೋಳು ನಿನ್ ಹೆಂಡ್ತಿ ಒಬ್ಳೇ. ನಿಮ್ ಓಟು ಇನ್ನೂ ಇಲ್ಲೇ ಅದಲ್ಲ? ಏಕಗ್ರೀವ ಮಾಡ್ಬುಡಾನ, ಎದುರಿಗೆ ಯಾರೂ ನಿಲ್ಲಲ್ಲ. ಬನಶಂಕರೀನ ಕರ್ಕಂಡು ಬಾ, ನಾಮಿನೇಶನ್ ಹಾಕ್ಬೇಕು,” ಎಂದ ಪೆದ್ದಣ್ಣ.

ಭಾನುಪ್ರಕಾಶ ಕೇಳಿದ್ದು ಒಂದೇ ಪ್ರಶ್ನೆ. “ಪ್ರಮಾಣವಚನಕ್ಕೆ ಬಿಳಿ ಶರ್ಟು ಸಾಕಾ, ಖಾದೀನೇ ಆಗ್ಬೇಕಾ ಮಾವ?”

ಅವನೊಬ್ಬನನ್ನೇ ಬೈಯುವಂತೆಯೂ ಇಲ್ಲ ಬಿಡಿ. ನಮ್ಮ ಕಡೆ ಹೆಂಗಸು ಸರ್ಪಂಚ್ ಆದರೆ ಸಹಿ ಮಾತ್ರ ಹೆಂಗಸಿನದು. ಗಾಡಿಯ ಮುಂದೆ ‘ಸರ್ಪಂಚ್’ ಎಂದು ಕೆಂಪಕ್ಷರದಲ್ಲಿ ಬರೆಸಿಕೊಂಡು ತಿರುಗುವವನು ಗಂಡ. ಮದುವೆಮನೆಯಲ್ಲಿ ಮೊದಲ ಪಂಕ್ತಿಗೆ ಕೈ ಹಿಡಿದು ಎಳೆಯುವುದೂ ಅವನನ್ನೇ. ಇದನ್ನು ಕಣ್ಣಾರೆ ಕಂಡು ಬೆಳೆದವನಿಗೆ ಹೆಂಡತಿಯ ಪದವಿ ತನ್ನದೇ ಎನ್ನಿಸಿದರೆ ಆಶ್ಚರ್ಯವೇನು? ಆಶ್ಚರ್ಯವಾಗಬೇಕಾದದ್ದು ಅವನು ಆಮೇಲೆ ಮಾಡಿದ ಕೆಲಸಕ್ಕೆ.

ಪಕ್ಕದ ಮನೆಯ ಚೌಡಕ್ಕ ಕಾಂಪೌಂಡಿನ ಮೇಲಿಂದಲೇ ವಿಚಾರಿಸಿದಳು. “ಏನಪ್ಪಾ, ಬನಶಂಕರಿ ಸರ್ಪಂಚ್ ಆಯ್ತಾಳಂತೆ?”

“ನಾವು ಆಯ್ತೀವಿ ಚೌಡಕ್ಕ.”

“ನಾವು ಅಂದ್ರೆ ಯಾರ್ಯಾರು?”

“ನಾವು ಅಂದ್ರೆ… ನಾನು.”

ಚೌಡಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿ, ಒಣಗಿದ ಸೀರೆ ಎಳೆದುಕೊಂಡು ಒಳಗೆ ಹೋದಳು. ಇತ್ತ ಬನಶಂಕರಿ, “ನನ್ನ ಒಂದು ಮಾತು ಕೇಳ್ದೆ ತೀರ್ಮಾನ ಮಾಡ್ಯವ್ರೆ ನೋಡಿ!” ಎಂದು ರೇಗಿದವಳು, ಆಮೇಲೆ ತಾನೇ ಪೆದ್ದಣ್ಣನಿಗೆ ಫೋನು ಮಾಡಿ ಊರಲ್ಲಿ ಎಷ್ಟು ನಲ್ಲಿಯಲ್ಲಿ ನೀರು ಬರುತ್ತದೆ, ಮೋಟರು ಯಾರ ಸುಪರ್ದಿಯಲ್ಲಿದೆ, ಬೀದಿದೀಪದ ಸ್ವಿಚ್ಚು ಯಾವ ಕೇರಿಯಲ್ಲಿದೆ ಎಂದೆಲ್ಲ ಕೇಳಿದಳು. ಅಷ್ಟು ಹೊತ್ತಿಗೆ ಭಾನುಪ್ರಕಾಶ ದರ್ಜಿಯ ಅಂಗಡಿಯಲ್ಲಿ ಕೈ ಚಾಚಿ ನಿಂತು ಅಳತೆ ಕೊಡುತ್ತಿದ್ದ.

ಈಗ ಅವನ ಮುಂದಿದ್ದ ದೊಡ್ಡ ಪ್ರಶ್ನೆ, ಮಂಡಿಯ ಕೆಲಸದ್ದು. ಸೀತಾರಾಮಪ್ಪನವರ ಮಂಡಿಯಲ್ಲಿ ಒಂದು ಪದ್ಧತಿ. ರಜೆ ಬೇಕಾದವನು ತನ್ನ ಬದಲಿ ಆಳನ್ನು ತಾನೇ ಹುಡುಕಿ ತಂದು ನಿಲ್ಲಿಸಬೇಕು. ಬದಲಿಯ ಕೂಲಿಯನ್ನೂ ತಾನೇ ತನ್ನ ಸಂಬಳದಿಂದ ಕೊಡಬೇಕು. ಬದಲಿ ಬಂದವನು ಸಾಹುಕಾರರಿಗೆ ಒಗ್ಗಿಬಿಟ್ಟರೆ ಹಳಬನ ಗತಿ ಗೋವಿಂದ. ಹಿಂದೊಮ್ಮೆ ತಂಗಿ ಮದುವೆಗೆಂದು ಹೋದ ಅದೇ ಮಂಡಿಯ ಪೋತಪ್ಪ ಹಣೆಯ ಅಕ್ಷತೆ ಒರೆಸಿಕೊಂಡು ವಾಪಸು ಬರುವಷ್ಟರಲ್ಲಿ ಅವನ ಜಾಗದಲ್ಲಿ ಬದಲಿಯವನೇ ಖಾಯಮ್ಮಾಗಿ ಕೂತಿದ್ದ. ಹೀಗಿರುವಾಗ ಐದು ವರ್ಷ ರಜೆ ಎಂದರೆ ಹುಡುಗಾಟವೇ? ಆದರೆ ಪದವಿ ಹಿಡಿದವರ ನೌಕರಿಯನ್ನು ಯಾರೂ ಮುಟ್ಟುವಂತಿಲ್ಲ ಎಂದು ಯಾರೋ ಎಲ್ಲೋ ಹೇಳಿದ್ದು ಅವನ ತಲೆಯಲ್ಲಿ ಕೂತುಬಿಟ್ಟಿತ್ತು.

ಹಣ್ಣಿನ ಸೀಸನ್ನು. ಮಂಡಿಯ ತುಂಬ ಕರಿಪುಳಿ ಎಂಬ ಮೇಲ್ತರದ ಹುಣಸೆಹಣ್ಣು ರಾಶಿ ಬಿದ್ದಿದೆ, ಹೊರಗೆ ಗಾಡಿಗಳು ಸಾಲುಗಟ್ಟಿವೆ. ಅಂಥ ಹೊತ್ತಿನಲ್ಲಿ ಇವನು ಹೊಸ ಬಿಳಿ ಶರ್ಟು ತೊಟ್ಟು ಹೋಗಿ ಸಾಹುಕಾರರ ಮುಂದೆ ನಿಂತ.

“ಐದು ವರ್ಷ ರಜೆ ಬೇಕು ಸಾವ್ಕಾರ್ರೆ.”

“ಐದು ದಿನಾನಾ?”

“ವರ್ಷ.”

ಸೀತಾರಾಮಪ್ಪ ಕನ್ನಡಕ ತೆಗೆದರು. “ಜೈಲಿಗೇನಾದ್ರೂ ಹೋಯ್ತಿದೀಯೇನಯ್ಯಾ?”

“ಸರ್ಪಂಚ್ ಆಯ್ತಿದೀನಿ. ಜನಸೇವೆಗೆ ಹೋಗೋರ ಕೆಲ್ಸಾನ ಹಂಗೇ ಎತ್ತಿಟ್ಟಿರ್ಬೇಕು. ಕಾನೂನೈತೆ.”

“ಯಾವ ಕಾನೂನು?”

“ಇರ್ತದೆ ಸಾವ್ಕಾರ್ರೆ. ಇಷ್ಟು ದೊಡ್ಡ ದೇಶದಲ್ಲಿ ಅದೊಂದು ಇಲ್ದೆ ಇರ್ತದಾ?”

“ನನ್ ಮಂಡೀಲಿ ತಕ್ಕಡಿ ಐತೆ, ಮೂಟೆ ಐತೆ, ನಿನ್ನಂಥ ತಲೆಹರಟೆಗಳವೆ. ಕಾನೂನು ಎಲ್ಲೈತೆ ತೋರ್ಸು!” ಎಂದು ಸಾಹುಕಾರರು ಗುಡುಗಿದರು. ಹಮಾಲಿಗಳು ಮೂಟೆ ಹೊತ್ತವರು ಹೊತ್ತಂತೆಯೇ ನಿಂತು ನೋಡಿದರು.

ಗುಡುಗಿದವರು ಇದ್ದಕ್ಕಿದ್ದಂತೆ ತಣ್ಣಗಾದರು. “ಯಾವೂರ ಸರ್ಪಂಚ್ ಅಂದೆ?”

“ಕಲ್ಯಾಣದುರ್ಗದ ಕಡೆ, ಚೌಡನಹಟ್ಟಿ.”

ಆ ಕಡೆಯ ರೈತರ ಹಣ್ಣೆಲ್ಲ ಎದುರಿನ ಮಂಡಿಗೆ ಹೋಗುತ್ತದೆಂದು ಸೀತಾರಾಮಪ್ಪನವರಿಗೆ ಬಹುಕಾಲದ ಹೊಟ್ಟೆಯುರಿ. ತಮ್ಮ ಗುಮಾಸ್ತನೇ ಸರ್ಪಂಚ್ ಎಂದರೆ ಆ ಗಾಡಿಗಳು ಈ ಕಡೆ ತಿರುಗುವುದಿಲ್ಲವೇ? ಮಾರ್ಕೆಟಿನ ಅಧಿಕಾರಿಗಳು ಬಂದಾಗ “ನಮ್ಮ ಸರ್ಪಂಚ್” ಎಂದು ಒಂದು ಮಾತು ಬಿಸಾಕಬಹುದಲ್ಲವೇ? ಅವರ ಮುಖದಲ್ಲಿ ಮಾಗಿದ ಹಣ್ಣಿನಂಥ ನಗು ಮೂಡಿತು.

ಅದನ್ನು ಕಂಡ ಭಾನುಪ್ರಕಾಶನಿಗೆ ಇನ್ನಷ್ಟು ಧೈರ್ಯ ಬಂತು. “ಇನ್ನೊಂದು ಮಾತು. ಬದಲಿಗೆ ನಮ್ಮ ಬೀದಿ ಹುಡ್ಗ ಜಯಚಂದ್ರನ್ನ ಕರ್ಕಂಬಂದಿದೀನಿ. ತೂಗ್ಲಿ, ಬೇಡ ಅನ್ನಲ್ಲ. ಆದ್ರೆ ನನ್ ಕುರ್ಚಿ ಮೇಲೆ ಕೂರಬಾರ್ದು. ಕೂತೋನು ಬೇರು ಬಿಡ್ತಾನೆ. ನಿಂತೇ ತೂಗ್ಲಿ.”

ಬಾಗಿಲಲ್ಲಿ ಹಲ್ಲು ಬಿಡುತ್ತ ನಿಂತಿದ್ದ ಜಯಚಂದ್ರನ ಹಲ್ಲು ಮುಚ್ಚಿಕೊಂಡವು.

ಸೀತಾರಾಮಪ್ಪ ಎದ್ದು ನಿಂತು ಇಡೀ ಮಂಡಿಗೆ ಕೇಳುವಂತೆ ಸಾರಿದರು. “ಎಲ್ಲಾ ಕೇಳ್ಕಳ್ರಪ್ಪಾ! ಇವತ್ತಿಂದ ಈ ಕುರ್ಚಿ ಸರ್ಪಂಚ್‌ದು. ಸರ್ಪಂಚ್‌ಗಿರಿ ಮುಗಿಯೋಗಂಟ ಇದರ ಮೇಲೆ ಬೇರೆ ಯಾವ ನನ್ಮಗನೂ ಕೂರಂಗಿಲ್ಲ. ಇದು ಸೀತಾರಾಮಪ್ಪನ ಮಾತು!” ಹಾರ ತರಿಸಿ ಹಾಕಿದರು. ಹಮಾಲಿಗಳು ಚಪ್ಪಾಳೆ ತಟ್ಟಿದರು. ಕಾನೂನು ಇತ್ತೋ ಇಲ್ಲವೋ, ಭಾನುಪ್ರಕಾಶನ ನೌಕರಿಗೆ ಸಿಕ್ಕಷ್ಟು ರಕ್ಷಣೆ ಬೇರೆ ಯಾರ ನೌಕರಿಗೂ ಸಿಕ್ಕಿರಲಾರದು.

ಬನಶಂಕರಿಗೂ ಒಂದು ನೌಕರಿ ಇತ್ತು ಎಂಬುದನ್ನು ಈ ಗಲಾಟೆಯಲ್ಲಿ ಯಾರೂ ನೆನೆಯಲಿಲ್ಲ. ಚಿಲಮತ್ತೂರು ರಸ್ತೆಯ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಅವಳು ಲೈನ್ ಸೂಪರ್‌ವೈಸರ್. ಅವಳೂ ಹೋಗಿ ರಜೆ ಕೇಳಿದಳು. ಮ್ಯಾನೇಜರು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, “ಅಷ್ಟು ರಜೆ ಯಾರ್ಗೂ ಕೊಡಲ್ಲಮ್ಮ. ಹೋಗೋದಾದ್ರೆ ರಾಜೀನಾಮೆ ಕೊಟ್ಟೋಗು,” ಎಂದ. ಕೊರಳಿನ ಗುರುತಿನ ಚೀಟಿ ತೆಗೆದು ಮೇಜಿನ ಮೇಲಿಟ್ಟು ಬಂದಳು. ಹಾರವಿಲ್ಲ, ಚಪ್ಪಾಳೆ ಇಲ್ಲ.

“ಹೋಗ್ಲಿ ಬುಡು, ನನ್ ಕೆಲ್ಸ ಭದ್ರ ಆಯ್ತಲ್ಲ,” ಎಂದ ಗಂಡ, ಕೊರಳಲ್ಲಿ ಇನ್ನೂ ಹಾರವಿಟ್ಟುಕೊಂಡೇ.

ಬನಶಂಕರಿಗೆ ಮೈಯೆಲ್ಲ ಉರಿದುಹೋಯಿತು. “ಸರ್ಪಂಚ್ ಆಗೋದು ನಾನು, ಕೆಲ್ಸ ಕಳಕಂಡಿರೋದು ನಾನು, ಹಾರ ನಿಮ್ಗಾ?” ಎಂದು ಕೇಳಿಯೇ ಬಿಟ್ಟಳು. ಭಾನುಪ್ರಕಾಶ ಹಾರ ತೆಗೆದು ದೇವರ ಫೋಟೋಗೆ ಹಾಕಿದ.

ಚುನಾವಣೆ ಅವಿರೋಧವಾಗಿ ಮುಗಿದು, ಪ್ರಮಾಣವಚನವೂ ಮುಗಿದು, ಹೊಸ ಸರ್ಪಂಚರಿಗೆಲ್ಲ ಕಲ್ಯಾಣದುರ್ಗದ ಮಂಡಲ ಕಚೇರಿಯಲ್ಲಿ ಒಂದು ಸಭೆ ಕರೆದರು. ಭಾನುಪ್ರಕಾಶ ಮುಂದಿನ ಸಾಲಿನಲ್ಲಿ ಕೂತ, ಬನಶಂಕರಿ ಅವನ ಪಕ್ಕದಲ್ಲಿ. ಸಭೆ ನಡೆಸುತ್ತಿದ್ದ ಅಧಿಕಾರಿ ಉಮಾದೇವಿ ಮೇಡಂ ಪಟ್ಟಿ ನೋಡಿ, “ಚೌಡನಹಟ್ಟಿ ಸರ್ಪಂಚ್‌ಗಾರು ಎವರಂಡಿ?” ಯಾರು ಎಂದು ತೆಲುಗಿನಲ್ಲಿ ಕೇಳಿದರು.

ಗಂಡ ಹೆಂಡತಿ ಇಬ್ಬರೂ ಎದ್ದು ನಿಂತರು.

“ಇದ್ದರಾ?” ಇಬ್ಬರಾ ಎಂದು ಮೇಡಂ ಹುಬ್ಬೇರಿಸಿದರು. ಬನಶಂಕರಿ ಹೆಸರು ಹೇಳಿದಳು. ಮೇಡಂ ಭಾನುಪ್ರಕಾಶನ ಕಡೆ ತಿರುಗಿ, “ಮರಿ ಮೀರು?” ಮತ್ತೆ ನೀವು ಯಾರು ಎಂದರು.

“ನಾನು ಇವಳ ಯಜಮಾನ್ರು ಮೇಡಂ.”

“ಅಯಿತೇ ಬಯಟ ಕೂರ್ಚೋಂಡಿ,” ಎಂದು ಹೊರಗೆ ಕೂರುವಂತೆ ಬಾಗಿಲು ತೋರಿಸಿದರು.

“ಮೇಡಂ, ನಾನು ಇದಕ್ಕೇಂತ ರಜೆ ಹಾಕಿ ಬಂದಿದೀನಿ. ಐದು ವರ್ಷ!”

ಇವನಿಗೆ ತೆಲುಗು ಸಾಲದೇನೋ ಎಂದುಕೊಂಡು ಉಮಾದೇವಿ ಕನ್ನಡಕ್ಕೇ ಇಳಿದರು. “ನಿಮ್ಮ ಹೆಂಡ್ತಿ ಸರ್ಪಂಚ್ ಆದ್ರೆ ನಿಮಗ್ಯಾಕಪ್ಪಾ ರಜೆ? ನೀವೇನು ಬಾಣಂತನ ಮಾಡೋಕೆ ಬಂದಿದೀರಾ? ಹೊರಗೆ ನಡೀರಿ.”

ಸಭೆಯಲ್ಲಿದ್ದ ಹೆಂಗಸರೆಲ್ಲ ಒಟ್ಟಿಗೆ ನಕ್ಕರು. ಅವರೊಳಗೆ ಬನಶಂಕರಿಯೂ ಇದ್ದಳು ಎಂಬುದು ಅವನಿಗೆ ಬಹಳ ನೋವಿನ ವಿಷಯ.

ಹೊರಗೆ ಬೇವಿನ ಮರದ ಕೆಳಗೆ ಆಗಲೇ ಒಂದು ಗುಂಪು ನಿಂತಿತ್ತು. ಎಲ್ಲರೂ ಬಿಳಿ ಶರ್ಟು, ಎಲ್ಲರ ಜೇಬಿನಲ್ಲೂ ಎರಡೆರಡು ಪೆನ್ನು. ಒಬ್ಬರನ್ನೊಬ್ಬರು “ರಂಡಿ ಸರ್ಪಂಚ್‌ಗಾರು, ರಂಡಿ ರಂಡಿ” ಎಂದು ತೆಲುಗಿನ ಮರ್ಯಾದೆಯಲ್ಲಿ ಬರಮಾಡಿಕೊಳ್ಳುತ್ತ ಟೀ ಕುಡಿಯುತ್ತಿದ್ದರು. ಒಳಗಿದ್ದ ಸರ್ಪಂಚರಿಗಿಂತ ಹೊರಗಿದ್ದ ಸರ್ಪಂಚರ ಗತ್ತೇ ಹೆಚ್ಚು. ಅವರಲ್ಲಿ ಹಿರಿಯನಾದ ಪಾಪಯ್ಯ ಎಂಬಾತ ಭಾನುಪ್ರಕಾಶನ ಬೆನ್ನು ಸವರಿದ.

“ಹೊಸಬ್ರಾ? ಮೊದಲ್ನೇ ಸಲ ಹಂಗೇ ಬೇಜಾರಾಯ್ತದೆ. ಮೇಡಂ ಮುಂದೆ ನಮ್ಮಾಟ ನಡೆಯಲ್ಲ. ಅದಕ್ಕೇನಂತೆ? ಊರಲ್ಲಿ ಮಾತ್ರ ಕುರ್ಚಿ ಬುಡಬ್ಯಾಡ್ರಿ. ಮೊದ್ಲು ಹೋಗಿ ಕೂತ್ಬುಡಿ. ಬಂದೋರ್ಗೆಲ್ಲ ಆಗ್ಲಿ ಅಂತ ಹೇಳಿ. ಅಷ್ಟೇ ರಾಜಕೀಯ.”

ಇಂಥ ಉಪದೇಶ ಸಿಕ್ಕಮೇಲೆ ಕೇಳಬೇಕೆ? ಮರುದಿನ ಬನಶಂಕರಿ ಕೆಟ್ಟುನಿಂತ ಮೋಟರು ನೋಡಲು ಬಾವಿಯ ಹತ್ತಿರ ಹೋದದ್ದೇ ತಡ, ಭಾನುಪ್ರಕಾಶ ಪಂಚಾಯತಿ ಆಫೀಸಿನ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತ. ಮೇಲ್ಕೇರಿಯ ಮುನಿಯಕ್ಕ ಬಂದಳು. “ಹೊಸ ನಲ್ಲಿ ನಮ್ ಕೇರಿಗೆ ಹಾಕ್ಸಪ್ಪಾ.”

“ಆಗ್ಲಿ.”

ಕೆಳಕೇರಿಯ ಪೋಲಮ್ಮ ಬಂದಳು. “ಹೊಸ ನಲ್ಲಿ ನಮ್ಗೆ ಬೇಕು ಕಣಪ್ಪಾ.”

“ಆಗ್ಲಿ.”

ಪಂಚಾಯತಿಗೆ ಮಂಜೂರಾಗಿದ್ದದ್ದು ಒಂದೇ ನಲ್ಲಿ. ಬನಶಂಕರಿ ಕೈಗೆ ಗ್ರೀಸು ಮೆತ್ತಿಕೊಂಡು ವಾಪಸು ಬಂದಾಗ ಆಫೀಸಿನ ಮುಂದೆ ಎರಡೂ ಕೇರಿಯ ಹೆಂಗಸರು ಬಿಂದಿಗೆ ಎತ್ತಿ ಹಿಡಿದು ನಿಂತಿದ್ದರು, ನೀರು ತುಂಬುವುದಕ್ಕಲ್ಲ. ನಡುವೆ ಪೆದ್ದಣ್ಣ ಎರಡೂ ಕೈ ಮೇಲೆತ್ತಿ, “ಅಮ್ಮಣ್ಣೀರಾ, ತಡೀರ್ರವ್ವಾ!” ಎಂದು ಬಡಕೊಳ್ಳುತ್ತಿದ್ದ. ಒಳಗಿನಿಂದ ಭಾನುಪ್ರಕಾಶ, “ಇಬ್ರಿಗೂ ಆಗ್ಲಿ ಅಂದಿದೀನಲ್ಲ, ಇನ್ನೇನು?” ಎಂದು ಕೂಗುತ್ತಿದ್ದ.

ಎರಡು ಕೇರಿಗಳೂ ಒಂದು ಮಾತಿಗೆ ಒಪ್ಪಿದ್ದನ್ನು ಆ ಊರಿನಲ್ಲಿ ಯಾರೂ ಕಂಡಿರಲಿಲ್ಲ. ಅಂದು ಒಪ್ಪಿದವು. ಮುನಿಯಕ್ಕ, ಪೋಲಮ್ಮ ಇಬ್ಬರೂ ಒಂದೇ ದನಿಯಲ್ಲಿ, “ಬನಶಂಕರಮ್ಮಾ, ಮೊದ್ಲು ನಿನ್ ಗಂಡನ್ನ ಊರು ಬುಡ್ಸು. ನಲ್ಲಿ ಇಸ್ಯ ಆಮೇಕೆ ಮಾತಾಡಾನ,” ಎಂದರು.

“ಏಳ್ರೀ,” ಎಂದಳು ಬನಶಂಕರಿ.

ಭಾನುಪ್ರಕಾಶ ಎದ್ದ. ಅವಳು ಕೂತಳು. ನಲ್ಲಿಯನ್ನು ಎರಡು ಕೇರಿ ಕೂಡುವ ಶಾಲೆಯ ಗೋಡೆಗೆ ಹಾಕಿಸುವುದೆಂದು ತೀರ್ಮಾನ ಮಾಡಿ ಎಲ್ಲರನ್ನೂ ಕಳಿಸಿದಳು. ಆಮೇಲೆ ಗಂಡನ ಕಡೆ ತಿರುಗಿದಳು. ಕೋಪಕ್ಕಿಂತ ಸುಸ್ತೇ ಹೆಚ್ಚಾಗಿತ್ತು ಅವಳ ದನಿಯಲ್ಲಿ.

“ನೋಡ್ರೀ, ಇಲ್ಲಿ ನಿಮ್ಗೆ ಕೆಲ್ಸ ಇಲ್ಲ. ನನ್ ಸಂಬ್ಳ ಆಗ್ಲೇ ನಿಂತೋಗದೆ. ನಿಮ್ದೂ ನಿಂತ್ರೆ ಮನೆ ಬಾಡಿಗೆ ಯಾರ್ ಕಟ್ತಾರೆ? ಸಾಯಂಕಾಲದ ಬಸ್ಸಿಗೆ ಹಿಂದೂಪುರಕ್ಕೆ ಹೋಗಿ. ಮಂಡೀಲಿ ಕುರ್ಚಿ ಹಂಗೇ ಐತಲ್ಲ, ಹೋಗಿ ಕೂತ್ಕಳಿ.”

ಪೆನುಕೊಂಡ ದಾಟುವವರೆಗೂ ಭಾನುಪ್ರಕಾಶ ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತಿದ್ದ. ಆಮೇಲೆ ಅವನಿಗೇ ಸಮಾಧಾನವಾಯಿತು. ಪದವಿ ಹೋದರೆ ಹೋಗಲಿ, ನೌಕರಿ ಕಲ್ಲುಬಂಡೆಯ ಹಾಗಿದೆ. ತಾನು ಎಷ್ಟು ದೂರಾಲೋಚನೆಯ ಮನುಷ್ಯ ಎಂದು ತನ್ನ ಮೇಲೆ ತನಗೇ ಗೌರವ ಬಂತು.

ಬೆಳಿಗ್ಗೆ ಮಂಡಿಗೆ ಹೋದ. ಕುರ್ಚಿ ಇತ್ತು, ಹಾಗೇ ಇರಲಿಲ್ಲ. ಅದಕ್ಕೆ ವಾರ್ನಿಶ್ ಬಳಿದಿದ್ದರು. ಬೆನ್ನಿಗೆ ಜರಿ ಟವೆಲು ಹೊದಿಸಿದ್ದರು. ನಾಲ್ಕು ಕಾಲಿಗೂ ಅರಿಶಿನ ಕುಂಕುಮ ಬಿದ್ದಿತ್ತು. ಪಕ್ಕದಲ್ಲಿ ಜಯಚಂದ್ರ ಊದಿದ ಕಾಲಿನಲ್ಲಿ ನಿಂತು ಕರಿಪುಳಿ ತೂಗುತ್ತಿದ್ದ. ಭಾನುಪ್ರಕಾಶನನ್ನು ಕಂಡದ್ದೇ, “ದೇವ್ರು ಬಂದಂಗೆ ಬಂದೆ ಕಣಣ್ಣಾ! ನನ್ ಕೈಲಾಗಲ್ಲ, ತಕಾ!” ಎಂದು ಪೆನ್ನು ಅವನ ಕೈಗೆ ತುರುಕಿ, ಕುಂಟುತ್ತ ಹೊರಟವನು ತಿರುಗಿಯೂ ನೋಡಲಿಲ್ಲ.

ಭಾನುಪ್ರಕಾಶ ಟವೆಲು ಸರಿಸಿ ಕೂರಲು ಬಗ್ಗಿದ.

“ಏಯ್! ಏಳಯ್ಯಾ ಮೇಲೆ!” ಸೀತಾರಾಮಪ್ಪ ಗದ್ದಿಗೆಯಿಂದಲೇ ಕಿರುಚಿದರು. “ಅದು ಸರ್ಪಂಚ್ ಕುರ್ಚಿ!”

“ನಂದೇ ಅಲ್ವಾ ಸಾವ್ಕಾರ್ರೆ?”

“ನೀನು ಸರ್ಪಂಚಾ?”

ಭಾನುಪ್ರಕಾಶ ನಿಜ ಹೇಳಬೇಕಾಯಿತು. ಹೇಳುವಾಗ ಹಮಾಲಿಗಳ ಕಡೆ ನೋಡಲಿಲ್ಲ. ಎಲ್ಲ ಕೇಳಿದ ಸಾಹುಕಾರರು ತಲೆ ಚಚ್ಚಿಕೊಂಡರು.

“ಅಯ್ಯೋ ನಿನ್ ಮನೆ ಕಾಯ್ವೋಗ! ನಮ್ ಗುಮಾಸ್ತ ಸರ್ಪಂಚ್ ಅಂತ ಮಾರ್ಕೆಟ್ಟೆಲ್ಲ ಸಾರ್ಕಂಡು ಬಂದಿದೀನಿ. ಕಲ್ಯಾಣದುರ್ಗದ ರೈತ್ರು ಆ ಕುರ್ಚಿಗೆ ಕೈಮುಗ್ದು ಹಣ್ಣು ಹಾಕಿ ಹೋಯ್ತಾವ್ರೆ. ಈಗ ನೀನು ಬಂದು ಅದರ ಮೇಲೆ ಕೂತ್ರೆ ಸರ್ಪಂಚೇ ಇಲ್ಲ ಅಂತ ಆಯ್ತದೆ. ಆ ಗಾಡಿಗಳೆಲ್ಲ ಎದುರ್ಗಡೆ ಮಂಡಿಗೆ ಹೊಡೀತವೆ. ಐದು ವರ್ಷ ಯಾರೂ ಕೂರಬಾರ್ದು ಅಂದೋನು ನೀನೇ ತಾನೆ?”

“ಯಾರೂ ಅಂದ್ರೆ ಬೇರೆಯೋರು! ನಾನಲ್ಲ!”

“ನನ್ ಮಾತು ಅಂದ್ರೆ ಮಾತು. ಸರ್ಪಂಚ್ ಬಂದ್ರೆ ಕೂರ್ಲಿ. ನೀನು ಮನೆಗೆ ನಡಿ. ಯಾರ ಕಣ್ಗೂ ಬೀಳ್ಬೇಡ!”

ಇಷ್ಟು ಗಟ್ಟಿಯಾಗಿ ಕಾಪಾಡಿದ ನೌಕರಿ ಅದರ ಒಡೆಯನಿಗೇ ಸಿಗದೆ ಹೋಯಿತು. ಮನೆಗೆ ಬಂದು ಜಗುಲಿಯ ಮೇಲೆ ಕೂತವನನ್ನು ಚೌಡಕ್ಕ ಬಿಟ್ಟಾಳೆಯೇ? ಎಲ್ಲವನ್ನೂ ಬಾಯಿ ಬಿಡಿಸಿ, “ಅವಳು ಪದವಿ ಸಿಕ್ತು ಅಂತ ಕೆಲ್ಸ ಬುಟ್ಳು. ನೀನು ಪದವೀನೂ ಇಲ್ದೆ ಕೆಲ್ಸಾನೂ ಬುಟ್ಟೆ. ಇಬ್ರೂ ಸೇರಿ ಉಣ್ಣೋದೇನು, ಆ ಹಾರಾನಾ?” ಎಂದಳು. ಭಾನುಪ್ರಕಾಶನಿಗೆ ನಿಜವಾಗಿ ಭಯವಾಯಿತು. ಹೆಂಡತಿಗೆ ಫೋನು ಮಾಡಿದ.

ಬನಶಂಕರಿ ಪೂರ್ತಿ ಕೇಳಿಸಿಕೊಂಡಳು. ನಡುವೆ ಒಮ್ಮೆ ಮಾತ್ರ, “ಕುರ್ಚಿ ಕಾಲಿಗೆ ಕುಂಕುಮಾನಾ?” ಎಂದು ಕೇಳಿದಳು. ಕೊನೆಗೆ, “ನಾನೇ ಬತ್ತೀನಿ. ನೀವು ಬಾಯಿ ಮಾತ್ರ ತೆಗೀಬ್ಯಾಡಿ,” ಎಂದಳು.

ಬಂದಳು. ಮಂಡಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಗಂಡನನ್ನು ಹಿಂದಿಟ್ಟುಕೊಂಡು ಒಳಗೆ ಬಂದವಳನ್ನು ಕಂಡು ಸೀತಾರಾಮಪ್ಪ ಗದ್ದಿಗೆಯಿಂದ ಎದ್ದೇ ಬಿಟ್ಟರು. “ಬನ್ನಿ ಸರ್ಪಂಚಮ್ಮ, ಬನ್ನಿ. ಏಯ್, ಟೀ ತರ್ಸ್ರೋ! ಕೂತ್ಕಳಿ ತಾಯಿ,” ಎಂದು ಜರಿ ಟವೆಲಿನಿಂದಲೇ ಕುರ್ಚಿ ಒರೆಸಿದರು. ಬನಶಂಕರಿ ಕೂತಳು. ಗಂಡ ಪಕ್ಕದಲ್ಲಿ ನಿಂತ.

“ಸಾವ್ಕಾರ್ರೆ, ಈ ಕುರ್ಚಿ ಸರ್ಪಂಚ್‌ದು ಅಂತ ಮಾತು ಕೊಟ್ಟಿದ್ರಂತೆ.”

“ಕೊಟ್ಟಿದೀನಮ್ಮ. ಇವತ್ಗೂ ತಪ್ಪಿಲ್ಲ.”

“ಸರ್ಪಂಚ್ ನಾನು. ಹಂಗಾದ್ರೆ ಕುರ್ಚಿ ನಂದು. ಕುರ್ಚಿ ನಂದಾದ್ಮೇಲೆ ಕೆಲ್ಸಾನೂ ನಂದೇ. ಹೌದಾ?”

ಸೀತಾರಾಮಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಬರಿಯ ಸರ್ಪಂಚರ ಗಂಡನಲ್ಲ, ನಿಜವಾದ ಸರ್ಪಂಚರೇ ತಮ್ಮ ಗುಮಾಸ್ತರು! ಮಾರ್ಕೆಟಿನಲ್ಲಿ ಇನ್ನು ಯಾರು ಎದುರಾಡುತ್ತಾರೆ? “ಹೌದು ಹೌದು, ನಿಮ್ದೇ!” ಎಂದು ಕೈ ಜೋಡಿಸಿದರು.

“ಊರ ಕೆಲ್ಸ ಐತಲ್ಲ, ನಂಗೆ ಐದು ವರ್ಷ ರಜೆ ಬೇಕು. ರಜೆ ಹಾಕೋರು ಬದಲಿ ತಂದು ನಿಲ್ಲುಸ್ಬೇಕು ಅಂತ ನಿಮ್ ಪದ್ಧತಿ.” ಅವಳು ತಲೆಯೆತ್ತದೆ ಬೆರಳಿನಿಂದ ಪಕ್ಕಕ್ಕೆ ತೋರಿಸಿದಳು. “ಇವ್ರೇ ನನ್ ಬದಲಿ.”

“ನಾನಾ?” ಎಂದ ಭಾನುಪ್ರಕಾಶ.

“ನಿಮ್ಗೆ ಬಾಯಿ ತೆಗೀಬ್ಯಾಡಿ ಅಂದಿದ್ನಲ್ಲ.”

“ಸಂಬ್ಳ ಯಾರ ಕೈಗೆ ಕೊಡ್ಲಿ ತಾಯಿ?” ಸಾಹುಕಾರರು ವಿನಯದಿಂದ ಕೇಳಿದರು.

“ಗುಮಾಸ್ತರ ಕೈಗೆ. ಬದಲಿಯೋರ್ಗೆ ಬಸ್ಸಿಗೆ, ಬೀಡಿಗೆ ಎಷ್ಟು ಬೇಕೋ ಅಷ್ಟು ನಾನೇ ಕೊಡ್ತೀನಿ.”

ಹಮಾಲಿಗಳು ಈ ಸಲ ಯಾರೂ ಹೇಳದೆಯೇ ಚಪ್ಪಾಳೆ ತಟ್ಟಿದರು. ಟೀ ಬಂತು, ಒಂದೇ ಲೋಟ. ಬನಶಂಕರಿ ಊದಿ ಊದಿ ಕುಡಿಯತೊಡಗಿದಳು. ಚಿಲಮತ್ತೂರು ರಸ್ತೆಯ ಫ್ಯಾಕ್ಟರಿ ಬಿಟ್ಟು ಬಂದ ಮೇಲೆ ಅವಳು ಮೊದಲ ಬಾರಿ ಬೆನ್ನು ಆನಿಸಿ ನಿರಾಳವಾಗಿ ಕೂತಿದ್ದಳು.

ಅಷ್ಟರಲ್ಲಿ ಕಲ್ಯಾಣದುರ್ಗದ ಕಡೆಯ ಗಾಡಿಯೊಂದು ಬಂದು ನಿಂತಿತು. ಭಾನುಪ್ರಕಾಶ ಬಿಳಿ ಶರ್ಟಿನ ತೋಳು ಮಡಿಸಿ ಮೂಟೆಗೆ ಕೈ ಹಾಕಿದ. ರೈತ ರೂಢಿಯಂತೆ ಕುರ್ಚಿಗೆ ಕೈ ಮುಗಿಯಲು ಹೋಗಿ, ಅದರಲ್ಲಿ ಹೆಂಗಸೊಬ್ಬಳು ಟೀ ಕುಡಿಯುತ್ತಿರುವುದನ್ನು ಕಂಡು ಬೆಚ್ಚಿ, ದನಿ ತಗ್ಗಿಸಿ ಕೇಳಿದ. “ಯಾರಪ್ಪಾ ಆಯಮ್ಮ?”

ಭಾನುಪ್ರಕಾಶ ಒಮ್ಮೆ ಸಾಹುಕಾರರನ್ನು ನೋಡಿದ, ಒಮ್ಮೆ ಹೆಂಡತಿಯನ್ನು ನೋಡಿದ. ಮೂಟೆಯನ್ನು ತಕ್ಕಡಿಗೆ ಎಳೆಯುತ್ತ ಹೇಳಿದ.

“ನಮ್ ಗುಮಾಸ್ತರು. ರಜೆ ಮೇಲವ್ರೆ.”